ಬ್ಯಾಂಕಾಕ್‌ನಲ್ಲಿ ಯಾರಾದರೂ ‘ಅರಮನೆ ಇವತ್ತು ಮುಚ್ಚಿದೆ’ ಅಂದರೆ ನಂಬಬೇಡಿ

ಇದನ್ನು ಬರೆಯಲು ಸ್ವಲ್ಪ ನಾಚಿಕೆಯೇ ಆಗುತ್ತಿದೆ. ಓದು ಬರಹ ಬಲ್ಲ ಮೂರು ಜನ, ಅದರಲ್ಲಿ ಒಬ್ಬರು ನಿವೃತ್ತ ಟೀಚರ್, ಹಾಡಹಗಲೇ 28,000 ಬಾತ್ ಕಳೆದುಕೊಂಡು ಬಂದೆವು. ಆಗಿನ ಲೆಕ್ಕದಲ್ಲಿ ಸುಮಾರು ಎಪ್ಪತ್ತು ಸಾವಿರ ರೂಪಾಯಿ. ಯಾರೂ ನಮ್ಮ ಜೇಬಿಗೆ ಕೈ ಹಾಕಲಿಲ್ಲ, ಹೆದರಿಸಲಿಲ್ಲ. ನಾವೇ ನಗುನಗುತ್ತಾ ಕಾರ್ಡ್ ಕೊಟ್ಟು, ಮೇಲಿಂದ ಥ್ಯಾಂಕ್ಸ್ ಹೇಳಿ ಬಂದೆವು. ಹೆಂಡತಿ ಅವತ್ತಿಂದ ಹೇಳುತ್ತಿದ್ದಾಳೆ, “ಬರೀರಿ, ಇನ್ನೊಬ್ಬರಾದರೂ ಉಳ್ಕೊಳ್ಳಲಿ” ಅಂತ.

2024ರ ಡಿಸೆಂಬರ್‌. ನಾನು, ಹೆಂಡತಿ, ನಮ್ಮ ಚಿಕ್ಕಮ್ಮ ಹೊರಟೆವು. ಬೆಂಗಳೂರಿನಿಂದ ಸುಮಾರು ನಾಲ್ಕು ಗಂಟೆ ವಿಮಾನ. ಆಗ ನಮ್ಮವರಿಗೆ ವೀಸಾ ಗೊಡವೆಯೂ ಇರಲಿಲ್ಲ. ಚಿಕ್ಕಮ್ಮನಿಗೆ ಇದೇ ಮೊದಲ ವಿದೇಶ. ವಿಮಾನ ನಿಲ್ದಾಣದ ಹೆಸರು ಸುವರ್ಣಭೂಮಿ, ರಾಜರನ್ನು ರಾಮ ಅಂತ ಕರೆಯುತ್ತಾರೆ, ಊರಿಗೆ ಅವರಿಟ್ಟ ಹೆಸರು ಕ್ರುಂಗ್ ಥೇಪ್, ಅಂದರೆ ದೇವತೆಗಳ ನಗರ. ಇದನ್ನೆಲ್ಲ ಕೇಳಿ ಚಿಕ್ಕಮ್ಮ, “ಇದೇನು ಪರದೇಶ ಅಲ್ಲ ಕಣೋ, ನಮ್ಮೂರೇ” ಅಂದರು. ದುಡ್ಡಿನ ಹೆಸರು ಬಾತ್ ಅಂದಾಗ ವಾಂಗಿಬಾತ್ ಜೋಕೂ ಆಯಿತು. ಒಟ್ಟಿನಲ್ಲಿ ಎಲ್ಲರೂ ಖುಷಿಯಲ್ಲಿದ್ದೆವು. ಮೈಮರೆತಿದ್ದೆವು ಅಂದರೂ ಸರಿ.

ಮಾರನೇ ದಿನ ಬೆಳಗ್ಗೆ ಮೆಟ್ರೋ ಹಿಡಿದು ಸನಮ್ ಚೈ ಸ್ಟೇಷನ್‌ನಲ್ಲಿ ಇಳಿದೆವು. ಅಲ್ಲಿಂದ ಗ್ರ್ಯಾಂಡ್ ಪ್ಯಾಲೇಸ್ ನಡೆದು ಹೋಗುವಷ್ಟೇ ದೂರ. ಇಲ್ಲೊಂದು ವಿಷಯ ಗಮನಿಸಿ, ಮೋಸ ಶುರುವಾಗುವುದೇ ಇಲ್ಲಿ. ನೀವು ಬರುವುದು ಅರಮನೆಯ ದಕ್ಷಿಣದ ಕಡೆಯಿಂದ. ಪ್ರವಾಸಿಗಳು ಒಳಗೆ ಹೋಗುವ ಬಾಗಿಲು ಇರುವುದು ಉತ್ತರದಲ್ಲಿ, ನಾ ಫ್ರಾ ಲಾನ್ ರಸ್ತೆಯಲ್ಲಿ. ಅಲ್ಲಿಯವರೆಗೂ ಉದ್ದಕ್ಕೆ ಬಿಳಿ ಗೋಡೆ. ನಡುನಡುವೆ ದೊಡ್ಡ ಬಾಗಿಲುಗಳಿವೆ, ಎಲ್ಲ ಮುಚ್ಚಿವೆ. ಅವು ಪ್ರವಾಸಿಗಳಿಗಾಗಿ ಇರುವ ಬಾಗಿಲುಗಳೇ ಅಲ್ಲ. ಆದರೆ ಮೊದಲ ಸಲ ಬಂದವರಿಗೆ ಅದು ಹೇಗೆ ಗೊತ್ತಾಗಬೇಕು?

ನಾವು ಅಂಥದ್ದೊಂದು ಮುಚ್ಚಿದ ಬಾಗಿಲು ನೋಡುತ್ತಾ ನಿಂತಿದ್ದೆವು. ಇಸ್ತ್ರಿ ಮಾಡಿದ ಬಿಳಿ ಷರ್ಟು, ಕುತ್ತಿಗೆಗೆ ಗುರುತಿನ ಚೀಟಿ ಹಾಕಿಕೊಂಡ ಒಬ್ಬರು ಹತ್ತಿರ ಬಂದರು. ಐವತ್ತು ದಾಟಿದ ವಯಸ್ಸು. ಒಳ್ಳೆಯ ಇಂಗ್ಲಿಷ್. ಕೈಮುಗಿದರು. “ಇವತ್ತು ಬುದ್ಧನ ವಿಶೇಷ ದಿನ. ಒಳಗೆ ಭಿಕ್ಷುಗಳ ಪ್ರಾರ್ಥನೆ ನಡೀತಿದೆ. ಒಂದು ಗಂಟೆಗೆ ತೆಗೀತಾರೆ” ಅಂದರು. ಬಾಗಿಲು ಕಣ್ಣೆದುರೇ ಮುಚ್ಚಿದೆ, ಇನ್ನೇನು ಅನುಮಾನ ಪಡುವುದು?

ಅವರು ನಮ್ಮಿಂದ ಏನೂ ಕೇಳಲಿಲ್ಲ. ನಮ್ಮ ಕೈಲಿದ್ದ ಮ್ಯಾಪ್ ತೆಗೆದುಕೊಂಡು ಮೂರು ಕಡೆ ಗುರುತು ಹಾಕಿಕೊಟ್ಟರು. ನಿಂತ ಬುದ್ಧನ ದೇವಸ್ಥಾನ, ಒಂದು ‘ಲಕ್ಕಿ ಬುದ್ಧ’, ಆಮೇಲೆ ‘ಸರ್ಕಾರದ ರಫ್ತು ಕೇಂದ್ರ’. ಮೂರನೆಯದನ್ನು ಸುಮ್ನೆ ಹೇಳಿದಂತೆ ಹೇಳಿದರು. “ವರ್ಷಕ್ಕೊಂದು ವಾರ ತೆರಿಗೆ ಇಲ್ಲದೆ ಮಾರ್ತಾರೆ, ಇವತ್ತೇ ಕೊನೆ. ಇಷ್ಟ ಇದ್ದರೆ ನೋಡಿ, ಇಲ್ಲಾಂದ್ರೆ ಬಿಡಿ.” ಅಷ್ಟರಲ್ಲಿ ಒಂದು ಟುಕ್‌ಟುಕ್ ಬಂತು. “ಬಿಳಿ ನಂಬರ್ ಪ್ಲೇಟ್ ಇರೋದು ಸರ್ಕಾರದ್ದು, 40 ಬಾತ್‌ಗಿಂತ ಜಾಸ್ತಿ ಕೊಡಬೇಡಿ” ಅಂತ ನಮ್ಮ ಪರವಾಗಿ ಅವರೇ ಚೌಕಾಸಿ ಮಾಡಿದರು. ಸರ್ಕಾರದ ಟುಕ್‌ಟುಕ್ ಅನ್ನುವುದೇ ಇಲ್ಲ ಅಂತ ಆಮೇಲೆ ಗೊತ್ತಾಯಿತು. ಮೂರು ಜನಕ್ಕೆ, ಮೂರು ಜಾಗಕ್ಕೆ, ಕಾಯುವುದೂ ಸೇರಿ ನೂರು ರೂಪಾಯಿ. ಬೆಂಗಳೂರಲ್ಲಿ ಆಟೋದವನು ಆ ದುಡ್ಡಿಗೆ ತಿರುಗಿಯೂ ನೋಡಲ್ಲ. ಅಷ್ಟು ಕಮ್ಮಿ ಯಾಕೆ ಅಂತ ಕೇಳಬೇಕಿತ್ತು. ಕೇಳಲಿಲ್ಲ. ಲಾಭ ಆಯಿತು ಅಂದುಕೊಂಡೆವು.

ನಿಂತ ಬುದ್ಧ ಇರುವುದು ವಾಟ್ ಇಂಥರವಿಹಾನ್‌ನಲ್ಲಿ. 32 ಮೀಟರ್ ಎತ್ತರದ, ಹೊಳೆಯುವ ಮೂರ್ತಿ. ನಿಜಕ್ಕೂ ನೋಡಬೇಕಾದ್ದೇ, ದೇವಸ್ಥಾನದ ತಪ್ಪೇನೂ ಇಲ್ಲ. ಅಲ್ಲಿ ಪಕ್ಕದಲ್ಲಿ ಕೈಮುಗಿದು ಕೂತಿದ್ದ ಒಬ್ಬ ತರುಣ ಮಾತಿಗೆ ಸಿಕ್ಕ. ಬ್ಯಾಂಕಿನಲ್ಲಿ ಕೆಲಸ ಅಂದ. “ಭಾರತದವರಾ? ನನ್ನ ಹೆಂಡತಿಗೆ ಹಿಂದಿ ಸೀರಿಯಲ್ ಅಂದ್ರೆ ಪ್ರಾಣ” ಅಂದ. ಚಿಕ್ಕಮ್ಮ ತುಂಬ ಹೊತ್ತು ಕಣ್ಣು ಮುಚ್ಚಿ ಪ್ರಾರ್ಥಿಸಿದ್ದನ್ನು ನೋಡಿ, “ತಾಯಿ ದೇವರಲ್ಲಿ ಏನು ಕೇಳಿಕೊಂಡರು?” ಅಂತ ವಿಚಾರಿಸಿದ.

ನಾನೇ ಹೇಳಿದೆ. ಅವರ ಮಗನಿಗೆ ಸಾಡೇಸಾತಿ ನಡೆಯುತ್ತಿದೆ, ಕೆಲಸ ಹೋಗಿದೆ, ಊರಿನ ಜೋಯಿಸರು ನೀಲ ಹಾಕಿಸಿ ಅಂದಿದ್ದಾರೆ ಅಂತ. ಅವನು ತಲೆದೂಗಿದ. ತಾನೂ ಹೋದ ವರ್ಷ ಆ ಸರ್ಕಾರಿ ಕೇಂದ್ರದಲ್ಲೇ ಕಲ್ಲು ಕೊಂಡು, ಹೊರದೇಶದಲ್ಲಿ ಎರಡು ಪಟ್ಟು ಬೆಲೆಗೆ ಮಾರಿದೆ ಅಂದ. ಎದ್ದು ಹೋದ. ಅಂಗಡಿಗೆ ಹೋಗಿ ಅಂತ ಒತ್ತಾಯ ಕೂಡ ಮಾಡಲಿಲ್ಲ.

ದಾರಿಯಲ್ಲಿ ಟುಕ್‌ಟುಕ್ಕಿನವನು ಒಂದು ಟೈಲರ್ ಅಂಗಡಿ ಮುಂದೆ ನಿಲ್ಲಿಸಿದ. “ಹತ್ತು ನಿಮಿಷ ಸುಮ್ನೆ ನೋಡಿ ಬನ್ನಿ, ನನಗೆ ಪೆಟ್ರೋಲ್ ಕೂಪನ್ ಸಿಗುತ್ತೆ” ಅಂದ. ಇದನ್ನು ಮುಚ್ಚಿಡಲಿಲ್ಲ ನೋಡಿ. ಇಷ್ಟು ಪ್ರಾಮಾಣಿಕ ಮನುಷ್ಯ ಮೋಸ ಮಾಡುತ್ತಾನಾ ಅಂತ ನನಗೆ ಇನ್ನೂ ನಂಬಿಕೆ ಬಂತು. ಸೂಟು ಬೇಡ ಅಂತ ಹೊರಗೆ ಬಂದೆವು.

ಆಮೇಲೆ ಆ ‘ಕೇಂದ್ರ’. ಹೆಸರು ಇಲ್ಲಿ ಬರೆಯುವುದಿಲ್ಲ, ಬರೆದರೂ ಪ್ರಯೋಜನವಿಲ್ಲ. ಇಂಥ ಅಂಗಡಿಗಳ ಬೋರ್ಡು ಬದಲಾಗುತ್ತಲೇ ಇರುತ್ತದಂತೆ. ಎ.ಸಿ., ತಣ್ಣಗಿನ ನೀರು, ನಿಂಬೆಹುಲ್ಲಿನ ಟೀ. ಕೋಟು ಹಾಕಿದ ಹೆಂಗಸು ನಮ್ಮನ್ನು ಕೂರಿಸಿ ಒಂದು ತಟ್ಟೆ ತಂದಿಟ್ಟಳು. ತಟ್ಟೆ ತುಂಬ ನೀಲದ ಕಲ್ಲುಗಳು.

ಹೆಂಡತಿ ನನ್ನ ಮೊಣಕೈ ತಿವಿದಳು. “ರೀ, ನಾವಿನ್ನೂ ಏನು ಬೇಕು ಅಂತ ಹೇಳೇ ಇಲ್ಲ. ಕೆಂಪಿಲ್ಲ, ಪಚ್ಚೆ ಇಲ್ಲ, ಬರೀ ನೀಲ ಯಾಕೆ ತಂದಳು?” ಅಂದಳು.

ಇಡೀ ಪ್ರವಾಸದಲ್ಲಿ ಯಾರಾದರೂ ಕೇಳಿದ ಬುದ್ಧಿವಂತ ಪ್ರಶ್ನೆ ಅದೊಂದೇ. ನಾನು, “ಸುಮ್ನಿರೇ, ಅನುಮಾನ ಜಾಸ್ತಿ ನಿಂಗೆ” ಅಂದೆ. ಈ ಮಾತು ನಮ್ಮ ಮನೆಯಲ್ಲಿ ಇವತ್ತಿಗೂ ವಾರಕ್ಕೊಮ್ಮೆ ನನಗೇ ವಾಪಸ್ ಬರುತ್ತದೆ.

ಎರಡು ಕ್ಯಾರೆಟ್ ಚಿಲ್ಲರೆಯ ಕಲ್ಲು. 45,000ದಿಂದ ಶುರುವಾಗಿ 28,000 ಬಾತ್‌ಗೆ ಇಳಿಯಿತು. ಮೊಹರು ಒತ್ತಿದ ಸರ್ಟಿಫಿಕೇಟ್ ಕೊಟ್ಟರು. ಇಷ್ಟವಾಗದಿದ್ದರೆ ವಾಪಸ್ ತಗೋತೀವಿ ಅಂದರು. ಕೊರಿಯರ್‌ನಲ್ಲಿ ಮನೆಗೇ ಕಳಿಸುತ್ತೇವೆ, ಕಳೆದುಹೋಗುವ ಭಯ ಇರಲ್ಲ ಅಂತಲೂ ಹೇಳಿದರು. ಚಿಕ್ಕಮ್ಮ ಒಪ್ಪಲಿಲ್ಲ, ಸೆರಗಿನ ಗಂಟಿನಲ್ಲೇ ಕಟ್ಟಿಕೊಂಡರು. ಕೊರಿಯರ್ ಮಾತು ಯಾಕೆ ಅಂತ ಈಗ ಅರ್ಥವಾಗುತ್ತದೆ. ಕಲ್ಲು ಕೈಯಲ್ಲಿದ್ದರೆ ನಾವು ಅವತ್ತೇ ಬೇರೆ ಕಡೆ ತೋರಿಸಬಹುದು. ಪೋಸ್ಟಿನಲ್ಲಿ ಬಂದರೆ ಅಷ್ಟೊತ್ತಿಗೆ ನಾವು ಊರು ಸೇರಿರುತ್ತೇವೆ. ಕಾರ್ಡಿನ ಪಿನ್ ಒತ್ತಿದ್ದು ನಾನೇ. ಅದರ ಮೇಲೆ ವಿದೇಶದಲ್ಲಿ ಖರ್ಚು ಮಾಡಿದ್ದಕ್ಕೆ ಬ್ಯಾಂಕಿನವರು ಹಾಕಿದ ಚಾರ್ಜು ಬೇರೆ.

ಹೊರಗೆ ಬಂದರೆ ಟುಕ್‌ಟುಕ್ಕಿನವನೇ ಇಲ್ಲ. 40 ಬಾತ್ ಕೂಡ ತಗೊಳ್ಳದೆ ಹೋಗಿದ್ದ! ಅವನಿಗೆ ಅದಕ್ಕಿಂತ ದೊಡ್ಡದು ಒಳಗಿನಿಂದ ಸಿಕ್ಕಿತ್ತು ಅಂತ ಆ ಹೊತ್ತಿಗೂ ಹೊಳೆಯಲಿಲ್ಲ. “ಪಾಪ, ಬಾಡಿಗೆ ಕೊಡೋಕಾಗಲಿಲ್ಲ” ಅಂತ ಚಿಕ್ಕಮ್ಮ ಬೇಜಾರು ಮಾಡಿಕೊಂಡರು.

ಟ್ಯಾಕ್ಸಿ ಹಿಡಿದು ಎರಡೂವರೆಗೆ ಅರಮನೆಯ ನಿಜವಾದ ಬಾಗಿಲಿಗೆ ಬಂದೆವು. ವಿಸೆತ್ ಚೈ ಸಿ ಅಂತ ಅದರ ಹೆಸರು. ಜನಸಾಗರ. ಬೆಳಗ್ಗೆ ಎಂಟೂವರೆಯಿಂದಲೂ ತೆರೆದೇ ಇತ್ತು! ಹೊರಗಿನವರು ಮುಚ್ಚಿದೆ ಅಂದರೆ ನಂಬಬೇಡಿ ಅಂತ ಧ್ವನಿವರ್ಧಕದಲ್ಲಿ ಕೂಗುತ್ತಿದ್ದರು. ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಒಳಗೆ ಹೋದೆವು, ತಲೆಗೆ 500 ಬಾತ್ ಟಿಕೆಟ್. ಗೋಡೆಯ ಉದ್ದಕ್ಕೂ ರಾಮಾಯಣದ ಚಿತ್ರಗಳು, ಅವರು ರಾಮಕಿಯನ್ ಅನ್ನುತ್ತಾರೆ. ಬಾಗಿಲು ಕಾಯುವ ಯಕ್ಷರು ನಮ್ಮ ಯಕ್ಷಗಾನದ ರಾಕ್ಷಸರನ್ನು ನೆನಪಿಸುತ್ತಾರೆ. ಬೇರೆ ದಿನವಾಗಿದ್ದರೆ ಮೂರು ಗಂಟೆ ನೋಡುತ್ತಿದ್ದೆವು. ಅವತ್ತು ಒಂದು ಗಂಟೆಯಲ್ಲಿ ಓಡಿದೆವು. ಪಚ್ಚೆ ಬುದ್ಧ ಅಂತ ಹೆಸರಾದ ಮೂರ್ತಿ ಪಚ್ಚೆಯದಲ್ಲವಂತೆ, ಬೇರೆ ಹಸಿರು ಕಲ್ಲಂತೆ. ಹೆಂಡತಿ ನನ್ನ ಕಡೆ ನೋಡಿದಳು, ಏನೂ ಹೇಳಲಿಲ್ಲ.

ಮುಖ್ಯವಾದ ಮಾತು ಈಗ. ಅಷ್ಟು ಗೊತ್ತಾದ ಮೇಲೂ ನಾನು ಅಂಗಡಿಗೆ ವಾಪಸ್ ಹೋಗಲಿಲ್ಲ. ಪೊಲೀಸರಿಗೂ ಹೇಳಲಿಲ್ಲ. ಅರಮನೆ ವಿಷಯದಲ್ಲಿ ಆ ಮನುಷ್ಯ ಸುಳ್ಳು ಹೇಳಿದ, ಸರಿ. ಆದರೆ ಕಲ್ಲು ಒಳ್ಳೆಯದೇ ಇರಬಹುದು ಅಲ್ವಾ? ಸರ್ಟಿಫಿಕೇಟ್ ಇದೆ ಅಲ್ವಾ? ಹೀಗೆ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬೇರೆಯವರು ಹಾಕಿದ ಟೋಪಿಯನ್ನು ನಾನೇ ಸರಿಮಾಡಿ ಕೂರಿಸಿಕೊಂಡೆ. ಇನ್ನೂ ಎರಡು ದಿನ ಅದೇ ಊರಲ್ಲಿದ್ದೆವು. ಪ್ರವಾಸಿ ಪೊಲೀಸರ ನಂಬರ್ 1155, ಹಗಲು ರಾತ್ರಿ ಇರುತ್ತದೆ, ಇಂಗ್ಲಿಷ್‌ನಲ್ಲೇ ಮಾತಾಡಬಹುದು. ರತ್ನ ಪರೀಕ್ಷೆ ಮಾಡುವ ಥಾಯ್ಲೆಂಡಿನ ರತ್ನ ಮತ್ತು ಆಭರಣ ಸಂಸ್ಥೆಯ ಲ್ಯಾಬ್ ಅದೇ ಊರಲ್ಲಿದೆ. ಯಾವುದನ್ನೂ ಬಳಸಲಿಲ್ಲ. ವಾಪಸ್ ಬರುವಾಗ ವಿಮಾನ ನಿಲ್ದಾಣದ ದೊಡ್ಡ ಸಮುದ್ರಮಥನದ ಮುಂದೆ ನಿಂತು ಫೋಟೋ ಬೇರೆ ತೆಗೆಸಿಕೊಂಡೆವು.

ಬೆಂಗಳೂರಿನಲ್ಲಿ ಉಂಗುರ ಮಾಡಿಸಲು ಕೊಟ್ಟಾಗ ನಿಜ ಹೊರಬಿತ್ತು. ಅಂಗಡಿಯವರು ಕಣ್ಣಿಗೆ ಲೆನ್ಸ್ ಇಟ್ಟು ನೋಡಿ, “ಲ್ಯಾಬ್‌ಗೆ ಕಳ್ಸೋಣ ಸರ್” ಅಂದರು. ವರದಿ ಬಂತು. ಕಲ್ಲು ಗಾಜಲ್ಲ, ನಿಜವಾದ ನೀಲವೇ. ಆದರೆ ಕಾಯಿಸಿ ಬಣ್ಣ ತರಿಸಿದ್ದು, ಒಳಗೆ ಬಿರುಕು, ಬಣ್ಣವೂ ಶಾಯಿಯ ಹಾಗೆ ಕಪ್ಪು. “ಇಂಥದ್ದು ಎಂಟು ಹತ್ತು ಸಾವಿರಕ್ಕೆ ನಮ್ಮಲ್ಲೇ ಸಿಗ್ತಿತ್ತಲ್ಲ” ಅಂದರು. ಕಲ್ಲನ್ನು ಕಾಯಿಸುವುದು ಅಪರಾಧವೇನೂ ಅಲ್ಲವಂತೆ. ಥಾಯ್ಲೆಂಡಿನ ಚಂತಬುರಿ ಊರು ಆ ಕೆಲಸಕ್ಕೇ ಹೆಸರುವಾಸಿ. ಅದನ್ನು ಹೇಳದೆ ಏಳು ಪಟ್ಟು ಬೆಲೆ ಹಾಕುವುದು ಮೋಸ. ಇದೇ ಈ ದಂಧೆಯ ಚಾಲಾಕಿತನ. ನಕಲಿ ಕೊಟ್ಟಿದ್ದರೆ ಕೇಸು ಹಾಕಬಹುದಿತ್ತೇನೋ. ಅಸಲಿ ಕೊಟ್ಟು ಬೆಲೆಯಲ್ಲಿ ಮುಳುಗಿಸಿದರೆ ಎಲ್ಲಿ ಹೋಗಿ ಅಳುವುದು? ಬ್ಯಾಂಕಿನವರು, “ಪಿನ್ ನೀವೇ ಒತ್ತಿದ್ದೀರಲ್ಲ” ಅಂದು ಕೈ ತೊಳೆದುಕೊಂಡರು.

ಈ ಆಟ ದಶಕಗಳಿಂದ ನಡೆಯುತ್ತಿದೆ ಅಂತ ಆಮೇಲೆ ಓದಿದೆ. ನಮಗಿಂತ ಮೊದಲು ಎಷ್ಟೋ ದೇಶದವರು ಇದೇ ಗೋಡೆ ಪಕ್ಕ ನಿಂತು ಇದೇ ಮಾತು ಕೇಳಿದ್ದಾರೆ. ಹಾಗಾಗಿ ಹೋಗುವವರು ಇಷ್ಟು ನೆನಪಿಡಿ. ಅರಮನೆ ಸಾಮಾನ್ಯವಾಗಿ ದಿನವೂ ಎಂಟೂವರೆಯಿಂದ ಮೂರೂವರೆವರೆಗೆ ತೆರೆದಿರುತ್ತದೆ. ರಾಜಮನೆತನದ ಕಾರ್ಯಕ್ರಮ ಇದ್ದಾಗ ಅಪರೂಪಕ್ಕೆ ಮುಚ್ಚುವುದುಂಟು, ಅದನ್ನು ಅರಮನೆಯವರ ವೆಬ್‌ಸೈಟಿನಲ್ಲೇ ನೋಡಿಕೊಳ್ಳಿ. ರಸ್ತೆಯಲ್ಲಿ ಯಾರು ಏನೇ ಹೇಳಲಿ, ಉತ್ತರದ ಬಾಗಿಲಿನವರೆಗೆ ನಡೆದು ಹೋಗಿ, ಟಿಕೆಟ್ ಕೌಂಟರಿನಲ್ಲೇ ಕೇಳಿ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಹಾಕಿಕೊಂಡೇ ಹೋಗಿ, ಇಲ್ಲಾಂದ್ರೆ ಬಾಗಿಲಲ್ಲಿ ಪ್ಯಾಂಟು ಮಾರುವವರಿಗೆ ದುಡ್ಡು. ಕಲ್ಲು ಮಾತ್ರ, ನಿಮಗೆ ಪರಿಚಯದ ಅಂಗಡಿ ಇಲ್ಲದಿದ್ದರೆ, ಪರದೇಶದಲ್ಲಿ ಕೊಳ್ಳಲೇಬೇಡಿ.

ಚಿಕ್ಕಪುಟ್ಟವು ಇನ್ನೂ ಇವೆ. ಟ್ಯಾಕ್ಸಿಯವನು ಮೀಟರ್ ಹಾಕಲ್ಲ ಅಂದರೆ ಇಳಿದುಬಿಡಿ, ಮೀಟರ್ ಶುರುವಾಗುವುದೇ 35 ಬಾತ್‌ಗೆ. ಆಚೆ ದಡದ ವಾಟ್ ಅರುಣ್ ದೇವಸ್ಥಾನಕ್ಕೆ ನದಿ ದಾಟಲು ಥಾ ತಿಯೆನ್ ಕಟ್ಟೆಯಲ್ಲಿ ಕೆಲವೇ ಬಾತ್‌ನ ಸಾರ್ವಜನಿಕ ದೋಣಿ ಇದೆ. ಅದು ಇಲ್ಲ ಅಂದು ಸಾವಿರಗಟ್ಟಲೆ ಕೇಳುವ ಉದ್ದ ದೋಣಿಯವರು ಸಿಗುತ್ತಾರೆ. 2025ರ ಮೇ ತಿಂಗಳಿಂದ ಹೋಗುವ ಮುಂಚೆ ಆನ್‌ಲೈನ್‌ನಲ್ಲಿ ಅರೈವಲ್ ಕಾರ್ಡ್ ತುಂಬಬೇಕು. ಅದು ಪೂರ್ತಿ ಉಚಿತ, ದುಡ್ಡು ಕೇಳುವ ಸೈಟು ಬಂದರೆ ಅದು ಸರ್ಕಾರದ್ದಲ್ಲ.

ಥಾಯ್ ಜನ ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಮೆಟ್ರೋದಲ್ಲಿ ಚಿಕ್ಕಮ್ಮನಿಗೆ ಪ್ರತಿ ಸಲ ಎದ್ದು ಜಾಗ ಕೊಟ್ಟರು. ಆದರೆ ಅವರು ಯಾರೂ ತಾವಾಗಿ ಬಂದು ನಮ್ಮ ಕೈಯ ಮ್ಯಾಪ್ ತೆಗೆದುಕೊಳ್ಳಲಿಲ್ಲ.

ಚಿಕ್ಕಮ್ಮ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. “ಮೂವತ್ತು ವರ್ಷ ಮಕ್ಕಳಿಗೆ ಮೇಕೆಯನ್ನು ನಾಯಿ ಅಂದ ಮೂವರು ಕಳ್ಳರ ಕಥೆ ಹೇಳಿದ್ದೀನಿ ಕಣೋ. ಒಬ್ಬ ಗೋಡೆ ಹತ್ರ, ಒಬ್ಬ ಟುಕ್‌ಟುಕ್‌ನಲ್ಲಿ, ಒಬ್ಬ ದೇವಸ್ಥಾನದಲ್ಲಿ. ಲೆಕ್ಕ ಕೂಡ ಸರಿ ಇತ್ತು, ನನಗೇ ಹೊಳೀಲಿಲ್ಲ” ಅಂದರು. ಹೋಗಲಿ, ದುಡ್ಡಂತೂ ಹೋಯಿತು, ಉಂಗುರವಾದರೂ ಮಗ ಹಾಕಿಕೊಳ್ಳಲಿ ಅಂತ ಲ್ಯಾಬ್ ವರದಿ ಸಮೇತ ಜೋಯಿಸರ ಹತ್ತಿರ ಹೋದೆವು. ಅವರು ಕನ್ನಡಕ ಏರಿಸಿ ಓದಿ, ಕಲ್ಲನ್ನು ಮುಟ್ಟದೆ ವಾಪಸ್ ತಳ್ಳಿದರು. ಬಿರುಕಿರುವ ನೀಲ ಹಾಕಿಕೊಂಡರೆ ಶನಿ ಇನ್ನೂ ಜಾಸ್ತಿ ಕಾಡುತ್ತಾನಂತೆ.