ಹಳೇ ಬಾಗಿಲಿಗೆ ಸ್ಯಾಂಡರ್ ಹಿಡಿಯುವ ಮುಂಚೆ ಇದನ್ನು ಓದಿ

ಕೆಡವಿದ ಮನೆಯ ಬಾಗಿಲು, ಕಿಟಕಿ ತಂದು ಮೇಜು, ಶೆಲ್ಫು, ಮಕ್ಕಳ ಮಂಚ ಮಾಡುವ ಯೋಚನೆ ನಿಮಗಿದ್ದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅದರ ಮೇಲಿರುವ ಹಳೇ ಪೇಂಟನ್ನು ಒಣಗಿದ್ದು ಒಣಗಿದ ಹಾಗೇ ಉಜ್ಜಬೇಡಿ. ಮಷಿನ್‌ನಲ್ಲಂತೂ ಬೇಡವೇ ಬೇಡ. ಆ ಪೇಂಟಿನಲ್ಲಿ ಸೀಸ (ಲೆಡ್) ಎಂಬ ವಿಷದ ಲೋಹ ಇರಬಹುದು. ಉಜ್ಜಿದಾಗ ಏಳುವ ಪುಡಿ ಕೈಯಿಂದ ಬಾಯಿಗೆ, ಬಾಯಿಂದ ಹೊಟ್ಟೆಗೆ ಹೋಗುತ್ತದೆ. ನಮ್ಮ ಮನೆಯಲ್ಲಿ ಹೋಗಿದ್ದು ಮೂರು ವರ್ಷದ ಮಗಳ ಹೊಟ್ಟೆಗೆ.

ಅವಳಿಗೊಂದು ಗಿಡ್ಡ ಮೇಜು, ಪುಸ್ತಕ ಇಡಲು ಶೆಲ್ಫು ಬೇಕಿತ್ತು. ಹೊಸ ತೇಗದ ರೇಟು ಕೇಳಿದರೆ ಅಂಗಡಿಯಿಂದ ಹಾಗೇ ಎದ್ದು ಬರಬೇಕು, ಅಷ್ಟು. ಮೈಸೂರು ರಸ್ತೆ ಕಡೆ ಹಳೇ ಮನೆ ಸಾಮಾನು ಮಾರುವ ಒಂದು ಯಾರ್ಡಿನಲ್ಲಿ ಜೋಡಿ ಬಾಗಿಲು, ಹೊಸ್ತಿಲ ಸಮೇತ ಒಂದು ಚೌಕಟ್ಟು, ಕೆಲವು ಕಿಟಕಿ ರೆಕ್ಕೆ ಸಿಕ್ಕವು. ಒಳ್ಳೇ ಹಳೇ ತೇಗ. ಹುಳ ಹಿಡಿದಿರಲಿಲ್ಲ, ಸೊಟ್ಟಗಾಗಿರಲಿಲ್ಲ. ಪೇಂಟ್ ಮಾತ್ರ ಪದರ ಪದರ. ಮೇಲೆ ತಿಳಿನೀಲಿ, ಕೆಳಗೆ ಹಸಿರು, ಅದರ ಕೆಳಗೆ ಬೂದು. ನಮ್ಮ ಮನೆಗಳಲ್ಲಿ ಹಾಗೇ ಅಲ್ವಾ? ಮಗಳ ಮದುವೆಗೊಂದು ಕೋಟು, ದೀಪಾವಳಿಗೊಂದು ಕೋಟು. ಹಳೇದನ್ನು ಕೆರೆದು ತೆಗೆಯುವ ತಾಪತ್ರಯಕ್ಕೆ ಯಾರೂ ಹೋಗುವುದಿಲ್ಲ.

ಈ ಪೇಂಟ್ ತೆಗೆಯುವುದು ಹೇಗೆ ಎಂದು ಯಾರ್ಡಿನಲ್ಲೇ ಕೇಳಿದೆವು. "ಮಷಿನ್ ಹೊಡೀರಿ ಮೇಡಂ, ಅರ್ಧ ದಿನದಲ್ಲಿ ಮರ ಹೊಳೀತದೆ" ಎಂದರು. ಸ್ಯಾಂಡರ್ ಬಾಡಿಗೆಗೆ ಕೊಟ್ಟ ಅಂಗಡಿಯವರದ್ದೂ ಅದೇ ಮಾತು. ನೋಡಿದ ವೀಡಿಯೋಗಳಲ್ಲಿ ಹಾಡು ಹಾಕಿಕೊಂಡು, ಬರಿಗೈಯಲ್ಲಿ, ಮಾಸ್ಕ್ ಇಲ್ಲದೆ ಉಜ್ಜುತ್ತಿದ್ದರು. ಸೀಸದ ಸುದ್ದಿಯನ್ನು ಒಬ್ಬರೂ ಎತ್ತಲಿಲ್ಲ.

ಬಾಲ್ಕನಿಯಲ್ಲೇ ಕೆಲಸ ಶುರುವಾಯಿತು. ನನ್ನ ಗಂಡ ಮಷಿನ್ ಹಿಡಿದರೆ ಹಸಿರು ಪುಡಿ ಹೊಗೆಯ ಹಾಗೆ ಏಳುತ್ತಿತ್ತು. ಒಣಹಾಕಿದ ಬಟ್ಟೆಯ ಮೇಲೆ, ಹಾಲಿನ ಟೈಲ್ಸ್ ಮೇಲೆ, ತುಳಸಿ ಕುಂಡದ ಮೇಲೆ ಅದೇ ಪುಡಿ. ಸಂಜೆ ಪೊರಕೆಯಲ್ಲಿ ಗುಡಿಸುತ್ತಿದ್ದೆವು. ಮಗಳು ಆ ಪುಡಿಯಲ್ಲಿ ಬೆರಳಾಡಿಸಿ ಚಿತ್ರ ಬರೆಯುತ್ತಿದ್ದಳು. ಮೇಜೇನೋ ಬಲು ಚೆನ್ನಾಗಿ ಬಂತು. ಬಂದವರೆಲ್ಲ ಎಲ್ಲಿ ಮಾಡಿಸಿದಿರಿ ಎಂದು ಕೇಳಿದರು.

ಆಮೇಲೆ ಮಗಳ ಊಟ ಕಡಿಮೆಯಾಯಿತು. ಆಗಾಗ ಹೊಟ್ಟೆನೋವು, ಮಲಬದ್ಧತೆ, ಸುಮ್ಸುಮ್ನೆ ರಚ್ಚೆ. ಅತ್ತೆ ಓಮದ ನೀರು ಕೊಟ್ಟರು, ದೃಷ್ಟಿಯನ್ನೂ ತೆಗೆದರು. ಮಕ್ಕಳ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ ಕಡಿಮೆ ಇತ್ತು. ಅವರು ಒಂದು ಪ್ರಶ್ನೆ ಕೇಳಿದರು: "ಮನೆಯಲ್ಲಿ ಪೇಂಟ್ ಕೆಲಸ ಏನಾದರೂ ನಡೀತಿದೆಯಾ?" ಆ ಪ್ರಶ್ನೆ ಕೇಳದೆ ಬರೀ ಟಾನಿಕ್ ಬರೆದುಕೊಟ್ಟಿದ್ದರೆ ನಮಗೆ ಇವತ್ತಿಗೂ ಗೊತ್ತಾಗುತ್ತಿರಲಿಲ್ಲ. ಸೀಸದ ಪರೀಕ್ಷೆಯ ರಿಪೋರ್ಟ್ ಬಂತು. ಒಂದು ಡೆಸಿಲೀಟರ್ ರಕ್ತಕ್ಕೆ 14 ಮೈಕ್ರೋಗ್ರಾಂ. 5 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಸೀಸ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ನಿಲ್ಲಿಸಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇಷ್ಟಿದ್ದರೆ ಪರವಾಗಿಲ್ಲ ಎನ್ನುವ ಮಟ್ಟವೇ ಇಲ್ಲ ಎಂದೂ ಅದೇ ಸಂಸ್ಥೆ ಹೇಳುತ್ತದೆ.

ಡಾಕ್ಟರು ಹೇಳಿದ್ದರಲ್ಲಿ ನನ್ನನ್ನು ಹೆಚ್ಚು ಹೆದರಿಸಿದ್ದು ಬೇರೆಯೇ. ಹೊಟ್ಟೆನೋವು ಇದರಿಂದಲೇ ಬಂತು ಎಂದು ಖಚಿತವಾಗಿ ಹೇಳಲಾಗದು ಎಂದರು. ಈ ಮಟ್ಟದಲ್ಲಿ ಎಷ್ಟೋ ಮಕ್ಕಳಿಗೆ ಯಾವ ಲಕ್ಷಣವೂ ಕಾಣುವುದಿಲ್ಲವಂತೆ. ಮಗು ಆಡಿಕೊಂಡೇ ಇರುತ್ತದೆ. ಪೆಟ್ಟು ಬೀಳುವುದು ಬೆಳೆಯುತ್ತಿರುವ ಮಿದುಳಿಗೆ, ಕಲಿಕೆಗೆ, ಗಮನಕ್ಕೆ. ಹೊಟ್ಟೆಗೆ ಹೋದ ಸೀಸವನ್ನು ಮಕ್ಕಳ ಮೈ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಜಾಸ್ತಿ ಹೀರಿಕೊಳ್ಳಬಲ್ಲದು. ಕಬ್ಬಿಣದ ಅಂಶ ಕಡಿಮೆ ಇದ್ದರೆ ಇನ್ನೂ ಜಾಸ್ತಿ. ಒಂದಷ್ಟು ಮೂಳೆಯಲ್ಲಿ ಕೂತು ವರ್ಷಗಟ್ಟಲೆ ಉಳಿಯುತ್ತದೆ. ಸೀಸವನ್ನು ಹೊರಗೆ ಎಳೆಯುವ ಔಷಧ ಇದೆ, ಆದರೆ ಅದನ್ನು ಸಾಮಾನ್ಯವಾಗಿ ಕೊಡುವುದು ರಿಪೋರ್ಟಿನ ಅಂಕಿ 45 ಮೈಕ್ರೋಗ್ರಾಂ ಮುಟ್ಟಿದ ಮೇಲೆ. ನಮಗೆ ಸಿಕ್ಕಿದ್ದು ಕಬ್ಬಿಣದ ಸಿರಪ್ಪು, ಕ್ಯಾಲ್ಸಿಯಂ, ಮತ್ತೆ "ಮೊದಲು ಮನೆ ಒರೆಸಿ" ಎನ್ನುವ ಆರ್ಡರು.

ಪೇಂಟಿನಲ್ಲಿ ಸೀಸ ಯಾಕೆ ಎಂದು ನೀವು ಕೇಳಬಹುದು. ಕಡು ಹಳದಿ ಬಣ್ಣಕ್ಕೆ ಲೆಡ್ ಕ್ರೋಮೇಟ್ ಹಾಕುತ್ತಿದ್ದರು. ಅದೇ ಹಳದಿಗೆ ನೀಲಿ ಸೇರಿಸಿ ಹಸಿರು ಮಾಡುತ್ತಿದ್ದರು. ಎಣ್ಣೆ ಪೇಂಟ್ ಬೇಗ ಒಣಗಲಿ ಎಂದು ಸೀಸದ ಡ್ರೈಯರ್ ಬೆರೆಸುತ್ತಿದ್ದದ್ದರಿಂದ ಬಿಳಿ, ನೀಲಿ, ಬೂದು ಬಣ್ಣಗಳನ್ನೂ ನಂಬುವ ಹಾಗಿಲ್ಲ. ನಾವು ತಂದ ಚೌಕಟ್ಟಿನಲ್ಲಿ ನನಗೆ ಈಗಲೂ ಮೈ ಜುಮ್ಮೆನ್ನಿಸುವುದು ಆ ಹೊಸ್ತಿಲು. ದಿನಾ ಅರಿಶಿನ ಬಳಿಯುವ ಬದಲು ಒಂದು ಸಲ ಹಳದಿ ಎನಾಮಲ್ ಹೊಡೆದು, ಮೇಲೆ ಕುಂಕುಮದ ಬದಲು ಕೆಂಪು ಪೇಂಟಿನ ಬೊಟ್ಟಿಡುವುದು ಎಷ್ಟು ಮನೆಗಳಲ್ಲಿ ಇಲ್ಲ ಹೇಳಿ! ಶೆಲ್ಫಿನ ಕೆಳಗಿನ ಹಲಗೆ ಮಾಡಿದ್ದು ಆ ಹೊಸ್ತಿಲಿನಿಂದಲೇ.

ಪೆಟ್ರೋಲಿಗೆ ಸೀಸ ಬೆರೆಸುವುದು ನಮ್ಮ ದೇಶದಲ್ಲಿ 2000ದಲ್ಲೇ ನಿಂತಿತು. ಮನೆಯ ಪೇಂಟಿಗೆ ಕಡ್ಡಾಯ ನಿಯಮ ಬಂದಿದ್ದು 2016ರಲ್ಲಿ, ಜಾರಿಯಾಗಿದ್ದು 2017ರ ನವೆಂಬರ್‌ನಲ್ಲಿ. ಅದರ ಪ್ರಕಾರ ಹತ್ತು ಲಕ್ಷ ಭಾಗದಲ್ಲಿ ಸೀಸ 90 ಭಾಗ ದಾಟಬಾರದು. ಅಂದರೆ ಅದಕ್ಕೂ ಹಿಂದಿನ ಎಣ್ಣೆ ಪೇಂಟ್ ಯಾವುದೇ ಇರಲಿ, ಸೀಸ ಇದೆ ಎಂದುಕೊಂಡೇ ಮುಟ್ಟಬೇಕು. ಬೇಜಾರಿನ ಸಂಗತಿ ಅಂದರೆ, ಇದೇ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಡಾ. ತುಪ್ಪಿಲ್ ವೆಂಕಟೇಶ್ ಅವರು ಸೀಸದ ವಿಷದ ಬಗ್ಗೆ ವರ್ಷಾನುಗಟ್ಟಲೆ ಕೆಲಸ ಮಾಡಿದ್ದಾರೆ. ಅದೇ ಊರಿನ ಯಾರ್ಡಿನಲ್ಲಿ ಒಂದು ಬೋರ್ಡೂ ಇಲ್ಲ.

ಹಳೇ ಮರ ಕೊಳ್ಳಲೇಬೇಡಿ ಎನ್ನುತ್ತಿಲ್ಲ. ನಾನು ಈಗಲೂ ಕೊಳ್ಳುತ್ತೇನೆ. ಆದರೆ ಬರೀ ಎಣ್ಣೆ ಅಥವಾ ಪಾಲಿಶ್ ಕಂಡ ಮರ ಹುಡುಕುತ್ತೇನೆ. ಹಳೇ ತೇಗದಲ್ಲಿ ಅಂಥದ್ದೂ ಸಿಗುತ್ತದೆ, ರೇಟು ಸ್ವಲ್ಪ ಜಾಸ್ತಿ ಅಷ್ಟೇ. ಪೇಂಟ್ ಇರುವುದನ್ನು ಈಗಾಗಲೇ ತಂದಿದ್ದರೆ ಮನೆಯಿಂದ ದೂರ, ಬಯಲಲ್ಲಿ, ಕೆಳಗೆ ಪ್ಲಾಸ್ಟಿಕ್ ಶೀಟ್ ಹಾಸಿ, ನೀರು ಚಿಮುಕಿಸುತ್ತಾ ಕೈಯಲ್ಲೇ ಕೆರೆಯಿರಿ. ಬಟ್ಟೆ ಮಾಸ್ಕ್ ಸಾಲದು, ಕಡಿಮೆ ಅಂದರೂ ಎನ್95 ಬೇಕು. ಮಕ್ಕಳು, ಬಸುರಿಯರು ಹತ್ತಿರ ಬರಬಾರದು. ಕೆಲಸ ಮಾಡುವಾಗ ತೊಟ್ಟ ಬಟ್ಟೆಯನ್ನು ಬೇರೆಯಾಗಿಯೇ ಒಗೆಯಿರಿ. ಕೆಲವು ಬಡಗಿಗಳು ಬ್ಲೋ ಲ್ಯಾಂಪ್‌ನಿಂದ ಪೇಂಟ್ ಸುಟ್ಟು ಕೆರೆಯುತ್ತಾರೆ. ಅದು ಇನ್ನೂ ಕೆಟ್ಟದ್ದು, ಸೀಸ ಹೊಗೆಯಾಗಿ ಸೀದಾ ಶ್ವಾಸಕೋಶಕ್ಕೆ ಹೋಗುತ್ತದೆ. ಹಳೇ ಕಬ್ಬಿಣದ ಗ್ರಿಲ್ ತಂದು ಗಿಡದ ಸ್ಟ್ಯಾಂಡ್ ಮಾಡುವವರು ಒಳಪದರ ನೋಡಿ. ಇಟ್ಟಿಗೆ ಕಂದು ಬಣ್ಣದ್ದು ಸಾಮಾನ್ಯವಾಗಿ ರೆಡ್ ಆಕ್ಸೈಡ್, ಅದು ಕಬ್ಬಿಣದ ಸಂಯುಕ್ತ. ಹೊಳೆಯುವ ಕಿತ್ತಳೆ ಬಣ್ಣದ್ದು ರೆಡ್ ಲೆಡ್ ಇರಬಹುದು.

ಪೇಂಟಿಗೆ ಒತ್ತಿದಾಗ ಸೀಸ ಇದ್ದರೆ ಗುಲಾಬಿ ಬಣ್ಣಕ್ಕೆ ತಿರುಗುವ, ತುದಿಯಲ್ಲಿ ಹತ್ತಿ ಇರುವ ಪರೀಕ್ಷೆಯ ಕಡ್ಡಿಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ. ಕೆಂಪು ಪೇಂಟಿನ ಮೇಲೆ ಅವುಗಳನ್ನು ನಂಬಬೇಡಿ, ಪೇಂಟಿನ ಬಣ್ಣವೇ ಹತ್ತಿಗೆ ಅಂಟಿ ಗೊಂದಲ ಮಾಡುತ್ತದೆ. ಹಾಗೆಯೇ, ಸರಕು ಸಾಗಿಸುವ ಪ್ಯಾಲೆಟ್‌ಗಳ ಮರದಲ್ಲಿ ಸೋಫಾ ಮಾಡುವವರು ಅದರ ಮೇಲಿನ ಮುದ್ರೆ ನೋಡಿ. 'ಎಚ್‌ಟಿ' ಅಂದರೆ ಬಿಸಿ ಮಾಡಿ ಹುಳ ಕೊಂದದ್ದು. 'ಎಂಬಿ' ಅಂದರೆ ಮೀಥೈಲ್ ಬ್ರೋಮೈಡ್ ಅನಿಲ ಹಾಯಿಸಿದ್ದು, ಅದನ್ನು ಮನೆಗೆ ತರಬೇಡಿ.

ಪುಡಿ ಈಗಾಗಲೇ ಮನೆಯೊಳಗೆ ಬಿದ್ದಿದ್ದರೆ ಗುಡಿಸಬೇಡಿ, ಮಾಮೂಲಿ ವ್ಯಾಕ್ಯೂಮ್ ಕ್ಲೀನರನ್ನೂ ಹಾಕಬೇಡಿ. ಅದು ಸಣ್ಣ ಪುಡಿಯನ್ನು ಹಿಂದಿನಿಂದ ಮತ್ತೆ ಗಾಳಿಗೇ ಬಿಡುತ್ತದೆ. ಸೋಪು ನೀರಿನ ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಎಸೆಯಿರಿ. ಕಿಟಕಿ ಸಂದು, ಮಂಚದ ಕೆಳಗೆ, ಆಟದ ಸಾಮಾನು ಯಾವುದನ್ನೂ ಬಿಡಬೇಡಿ. ನಾವು ಹಾಗೇ ಮಾಡಿದೆವು, ಮೇಜು, ಶೆಲ್ಫು ಎರಡನ್ನೂ ಮನೆಯಿಂದ ಹೊರಹಾಕಿದೆವು. ಮಗಳ ಮುಂದಿನ ರಿಪೋರ್ಟಿನಲ್ಲಿ ಅಂಕಿ ಇಳಿದಿದೆ. 5ರ ಕೆಳಗೆ ಇನ್ನೂ ಬಂದಿಲ್ಲ.

ಊರಲ್ಲಿ ಸೌದೆ ಒಲೆ ಇರುವವರಿಗೆ ಇನ್ನೊಂದು ಮಾತು. ಮಿಕ್ಕ ಪೇಂಟ್ ಚೂರುಗಳನ್ನು ಬಚ್ಚಲ ಒಲೆಗೆ ಹಾಕಬೇಡಿ. ಮರ ಸುಟ್ಟುಹೋದರೂ ಸೀಸ ಸುಟ್ಟುಹೋಗುವುದಿಲ್ಲ. ಅದು ಹೊಗೆಯಲ್ಲೂ ಹೋಗುತ್ತದೆ, ಬೂದಿಯಲ್ಲೂ ಉಳಿಯುತ್ತದೆ. ಅದೇ ಬೂದಿಯಲ್ಲಿ ಪಾತ್ರೆ ತಿಕ್ಕುತ್ತೇವೆ, ಸೊಪ್ಪಿನ ಮಡಿಗೂ ಎರಚುತ್ತೇವೆ.