ತಿಥಿಯೋ, ಮೊಟ್ಟೆಯ ಕಥೆಯೋ? ನನ್ನ ಓಟು ಗಡ್ಡಪ್ಪನಿಗೆ

ಒಳ್ಳೆ ಕಾಮಿಡಿ ಸಿನಿಮಾ ಯಾವುದಿದೆ ಎಂದು ಯಾರು ಕೇಳಿದರೂ ನನ್ನ ಬಾಯಿಗೆ ಮೊದಲು ಬರುವುದು ‘ತಿಥಿ’. ಹೆಸರು ಕೇಳಿಯೇ ಅರ್ಧ ಜನ ಮುಖ ಹುಳ್ಳಗೆ ಮಾಡುತ್ತಾರೆ. ಹಬ್ಬಕ್ಕೆ ಬಂದ ನೆಂಟರಿಗೆ ಇದನ್ನು ತೋರಿಸ್ತೀಯಾ ಎಂದು ಆಯಿಯೂ ಗೊಣಗಿದಳು. ಆದರೂ ದೀಪಾವಳಿಗೆ ಶಿರಸಿಯ ನಮ್ಮ ಮನೆ ಜಗಲಿಯಲ್ಲಿ ತೋರಿಸಿದೆ. ಮರುದಿನ ‘ಒಂದು ಮೊಟ್ಟೆಯ ಕಥೆ’. ‘ಸು ಫ್ರಮ್ ಸೋ’ವನ್ನು ಅದಕ್ಕೂ ಮೊದಲೇ ಹುಬ್ಬಳ್ಳಿಗೆ ಹೋಗಿ ನೋಡಿಯಾಗಿತ್ತು.

ತಿಥಿಯಲ್ಲಿ ಏನಿದೆ ಅಂತೀರಾ? ನೂರು ದಾಟಿದ ಸೆಂಚುರಿ ಗೌಡ ದಾರಿ ಬದಿ ಕೂತು ಹೋಗಿ ಬರುವವರಿಗೆಲ್ಲ ಬೈಯುತ್ತಿರುತ್ತಾನೆ. ಎದ್ದು ನಾಲ್ಕು ಹೆಜ್ಜೆ ಹೋದವನು ಅಲ್ಲೇ ಬಿದ್ದು ಸಾಯುತ್ತಾನೆ. ಅಲ್ಲಿಂದ ಹನ್ನೊಂದನೇ ದಿನದವರೆಗಿನ ಕಥೆ. ಮಗ ಗಡ್ಡಪ್ಪನಿಗೆ ಅಪ್ಪ ಹೋದರೂ ಒಂದೇ, ಇದ್ದರೂ ಒಂದೇ. ಬ್ರಾಂಡಿ ಗುಟುಕರಿಸುತ್ತ ಮನಸ್ಸು ಬಂದ ಕಡೆ ನಡೆಯುತ್ತಾನೆ. ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರುವ ಅರ್ಜೆಂಟು. ಮರಿಮೊಮ್ಮಗ ಅಭಿ ಕುರಿ ಕಾಯುವ ಹುಡುಗಿಯ ಹಿಂದೆ.

ಜಮೀನು ಅಜ್ಜನ ಹೆಸರಲ್ಲಿ. ಅಪ್ಪ ಬದುಕಿದ್ದಾನೆ, ಆದರೆ ಅವನಿಗೆ ಆಸ್ತಿಯೂ ಬೇಡ, ಅದರ ತಲೆನೋವೂ ಬೇಡ. ತಮ್ಮಣ್ಣ ಬೇರೆ ದಾರಿ ಕಾಣದೆ ಅಪ್ಪನನ್ನೇ ಸತ್ತನೆಂದು ದಾಖಲೆ ಮಾಡಿಸಲು ಹೊರಡುತ್ತಾನೆ. ಬದುಕಿರುವ ಅಪ್ಪನನ್ನು ಊರು ಬಿಡಿಸಲು ಕೈಗೆ ದುಡ್ಡು ಕೊಟ್ಟು ಟೂರಿಗೆ ಕಳಿಸುತ್ತಾನೆ! ನಮ್ಮ ದೊಡ್ಡಪ್ಪ ಬಿದ್ದು ಬಿದ್ದು ನಕ್ಕಿದ್ದು ಇಲ್ಲೇ. ತೋಟದ ಪಹಣಿಯಲ್ಲಿ ಇನ್ನೂ ಅವರ ಅಜ್ಜನ ಹೆಸರೇ ಇದೆ. ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆಗೆ ಓಡಾಡಿ ಚಪ್ಪಲಿ ಸವೆಸಿದವರು. ನಗು ನಿಂತ ಮೇಲೆ ಮೆಲ್ಲಗೆ, “ಇಂವಂಗೆ ಆ ಸರ್ಟಿಫಿಕೇಟು ಎಷ್ಟು ಬೇಗ ಸಿಕ್ತು ನೋಡು” ಅಂದರು.

ಒಬ್ಬ ನಟನೂ ನಟಿಸಿದಂತೆ ಕಾಣುವುದಿಲ್ಲ. ಯಾಕೆಂದರೆ ಅವರು ನಟರೇ ಅಲ್ಲ, ಮಂಡ್ಯ ಕಡೆಯ ಹಳ್ಳಿಯವರು. ನಿರ್ದೇಶಕರು ರಾಮ್ ರೆಡ್ಡಿ. ಅವರ ಜೊತೆ ಕಥೆ ಕಟ್ಟಿದ ಈರೇಗೌಡರು ಅದೇ ಸೀಮೆಯವರು. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಬಹುಮಾನ ಗೆದ್ದು, 2016ರಲ್ಲಿ ಇಲ್ಲಿ ಬಿಡುಗಡೆಯಾಯಿತು. ಪ್ರಶಸ್ತಿ ಸಿನಿಮಾ ಅಂದರೆ ನಿದ್ದೆ ಬರುತ್ತೆ ಅನ್ನೋರು ಇದನ್ನೊಮ್ಮೆ ನೋಡಲಿ.

ಕಿರಿಕಿರಿ ಒಂದೇ, ಮಾತು ಕೇಳಿಸಿಕೊಳ್ಳುವುದು. ಅದು ಮಾತ್ರ ಸಣ್ಣ ಕಿರಿಕಿರಿಯಲ್ಲ. ಅಚ್ಚ ಹಳ್ಳಿ ಮಾತು, ಒಬ್ಬರು ಮುಗಿಸುವ ಮೊದಲೇ ಇನ್ನೊಬ್ಬರು ಶುರು. ನಮ್ಮದು ಅಡಿಕೆ ಮಾರಿದ ದುಡ್ಡಲ್ಲಿ ತಂದ ಸಣ್ಣ ಪ್ರೊಜೆಕ್ಟರ್. ಗೋಡೆಗೆ ಬಿಳಿ ಪಂಚೆ ಕಟ್ಟಿದರೆ ಚಿತ್ರವೇನೋ ಚೆನ್ನಾಗಿ ಬರುತ್ತದೆ. ಒಳಗಿನ ಸ್ಪೀಕರಿಗಿಂತ ಹೊರಗಿನ ಜೀರುಂಡೆಯೇ ಜೋರು.

ಭಾವ ತನ್ನ ಬ್ಲೂಟೂತ್ ಸ್ಪೀಕರ್ ತಂದುಕೊಟ್ಟ. ಸದ್ದು ಬಂತು, ಆದರೆ ತಡವಾಗಿ. ಸೆಂಚುರಿ ಗೌಡ ಬಾಯಿ ಮುಚ್ಚಿದ ಮೇಲೆ ಬೈಗುಳ ಬೀಳುತ್ತಿತ್ತು. ಅಜ್ಜ ಅದೂ ಸಿನಿಮಾದ ತಮಾಷೆಯೇ ಇರಬೇಕೆಂದು ನಕ್ಕ. ಬ್ಲೂಟೂತ್ ಸದ್ದನ್ನು ಕುಗ್ಗಿಸಿ ಕಳಿಸಿ, ಆ ಕಡೆ ಮತ್ತೆ ಬಿಚ್ಚುವಷ್ಟರಲ್ಲಿ ಚೂರು ಹೊತ್ತು ಹಿಡಿಯುತ್ತದೆ. ಸುಮ್ನೆ ಹಾಡು ಕೇಳುವಾಗ ಇದು ಗೊತ್ತೇ ಆಗುವುದಿಲ್ಲ. ತುಟಿ ನೋಡುತ್ತ ಮಾತು ಕೇಳುವಾಗ ತಲೆ ಚಿಟ್ಟು ಹಿಡಿಯುತ್ತದೆ. ಆಫ್ ಮಾಡಿ ಆನ್ ಮಾಡಿದರೂ, ಹತ್ತಿರ ಇಟ್ಟರೂ ಅಷ್ಟೇ.

ಕೊನೆಗೆ ಕಪಾಟಿನ ಮೂಲೆಯಲ್ಲಿ 3.5 ಎಂಎಂ ಪಿನ್ನಿನ ಹಳೇ ವೈರು ಸಿಕ್ಕಿತು. ಒಂದು ತುದಿ ಪ್ರೊಜೆಕ್ಟರಿಗೆ, ಇನ್ನೊಂದು ಸ್ಪೀಕರಿಗೆ. ಅಷ್ಟೇ, ಸರಿಹೋಯಿತು. ಪ್ರೊಜೆಕ್ಟರ್ ತರುವವರು ಆ ತೂತು ಇದೆಯೇ ಎಂದು ಮೊದಲು ನೋಡಿ, ವೈರು ಉದ್ದದ್ದನ್ನೇ ತನ್ನಿ. ಇಷ್ಟಾದರೂ ಅತ್ತೆ “ತಮಾ, ಅಂವ ಎಂತ ಹೇಳ್ದ?” ಎಂದು ಕೇಳುವುದು ನಿಲ್ಲಲಿಲ್ಲ. ಬೈಗುಳ ಬಂದಾಗಲೇ ಕೇಳಬೇಕೇ! ಮಕ್ಕಳಿಗೆ ಮಾತ್ರ ಅವೆಲ್ಲ ಒಂದೇ ಸಲಕ್ಕೆ ಅರ್ಥವಾಗುತ್ತಿದ್ದವು.

‘ಒಂದು ಮೊಟ್ಟೆಯ ಕಥೆ’ಗೆ ಈ ಯಾವ ರಗಳೆಯೂ ಇಲ್ಲ. 2017ರ ಚಿತ್ರ, ರಾಜ್ ಬಿ. ಶೆಟ್ಟಿ ಬರೆದು, ನಿರ್ದೇಶಿಸಿ, ತಾವೇ ಬೋಳುತಲೆಯ ಕನ್ನಡ ಮೇಷ್ಟ್ರು ಜನಾರ್ದನನಾಗಿದ್ದಾರೆ. ಮಂಗಳೂರು ಕನ್ನಡ, ಕಾರವಾರದಿಂದ ಬಂದ ಚಿಕ್ಕಮ್ಮನಿಗೂ ಸಲೀಸು. ಮೇಷ್ಟ್ರು ರಾಜಕುಮಾರ್ ಭಕ್ತರಾದ್ದರಿಂದ ಅಪ್ಪಯ್ಯನಿಗೂ ಖುಷಿ. ಆದರೆ ಇದು ಹೆಣ್ಣು ಸಿಗದ ಗಂಡಿನ ಕಥೆ, ನಮ್ಮ ಕಡೆ ಅದು ಮನೆಮನೆ ಸಂಕಟ. ತೋಟ ನೋಡಿಕೊಂಡು ಊರಲ್ಲೇ ಉಳಿದ ಮಾಣಿಯೊಬ್ಬ ಹೆಣ್ಣು ನೋಡುವ ಸೀನು ಬಂದಾಗ ಕವಳದ ಬಟ್ಟಲು ಹುಡುಕಲು ಎದ್ದು ಹೋದವ ತುಂಬಾ ಹೊತ್ತು ಬರಲೇ ಇಲ್ಲ. ಸಿನಿಮಾ ಚೆನ್ನಾಗಿದೆ, ಎರಡು ಮಾತಿಲ್ಲ. ಮುಂದೇನಾಗುತ್ತದೆ ಎನ್ನುವುದು ಮಾತ್ರ ಅರ್ಧಕ್ಕೇ ಗೊತ್ತಾಗಿಬಿಡುತ್ತದೆ. ಗಡ್ಡಪ್ಪ ಮುಂದಿನ ಸೀನಿನಲ್ಲಿ ಎಲ್ಲಿರುತ್ತಾನೆ ಎಂದು ಯಾರೂ ಹೇಳಲಾರರು.

‘ಸು ಫ್ರಮ್ ಸೋ’ 2025ರದ್ದು, ಊರಿಗೆ ಊರೇ ದೆವ್ವ ಬಂತೆಂದು ನಂಬುವ ಕಥೆ. ತುಂಬಿದ ಟಾಕೀಸಿನಲ್ಲಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ನಾಲ್ಕು ಜನರ ಟಿಕೆಟ್ಟು, ಹುಬ್ಬಳ್ಳಿ ಬಸ್ಸು, ಊಟ ಎಲ್ಲ ಕೂಡಿಸಿದರೆ ವರ್ಷಕ್ಕೊಂದು ಸಲ ಸಾಕು.

ನನಗೆ ಒಂದೇ ಸಿನಿಮಾವನ್ನು ಮತ್ತೆ ಮತ್ತೆ ನೋಡುವ ಚಟ, ಖರ್ಚು ಮಾಡಲು ಮನಸ್ಸಿಲ್ಲ. ಹಾಗಾಗಿ ತಿಥಿಯೇ ನನಗೆ ಸರಿ. ಪ್ರತಿ ಸಲವೂ ಮೂಲೆಯಲ್ಲಿ ನಿಂತ ಯಾವನೋ ಊರವನ ಮುಖದಲ್ಲಿ ಹೊಸದೊಂದು ತಮಾಷೆ ಸಿಗುತ್ತದೆ. ಆ್ಯಪ್‌ಗಳಲ್ಲಿ ಇಂಥ ಚಿತ್ರ ಇವತ್ತು ಇರುತ್ತದೆ, ನಾಳೆ ಇರುವುದಿಲ್ಲ. ಕಂಡ ದಿನವೇ ನೋಡಿಬಿಡಿ. ಮನೆ ತುಂಬ ನೆಂಟರಿದ್ದು ಒಂದೇ ರಾತ್ರಿ ಎರಡನ್ನೂ ಹಾಕುವುದಾದರೆ ಮೊದಲು ಮೊಟ್ಟೆಯ ಕಥೆ ಹಾಕಿ. ಮಕ್ಕಳೂ ಅತ್ತೆಯೂ ಮಲಗಿದ ಮೇಲೆ ತಿಥಿ.