ಮಳೆಗಾಲವಿಡೀ ನಿಲ್ಲುವ ಹಳೆಯ ಪೆಟ್ರೋಲ್ ಕಾರು ಇದ್ದವರು ಗಮನಿಸಿ

ನಿಮ್ಮ ಕಾರು 2023ರ ಏಪ್ರಿಲ್‌ಗಿಂತ ಹಿಂದಿನದಾಗಿದ್ದು (ಎಥೆನಾಲ್ ಎಂಬ ಆಲ್ಕೊಹಾಲ್ ಶೇ 20ರಷ್ಟು ಬೆರೆತ ಪೆಟ್ರೋಲಿಗೆ ತಕ್ಕ ಭಾಗಗಳು ಸಾಮಾನ್ಯವಾಗಿ ಬಂದದ್ದು ಆಮೇಲಿನ ಕಾರುಗಳಲ್ಲಿ), ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚಾಗಿದ್ದರೆ ಇದನ್ನು ಓದಿ. ಉಡುಪಿಯಲ್ಲಿರುವ ನಮ್ಮ ಮನೆಯ 2011ರ ಕಾರಿಗೆ ಆದದ್ದು ಇದು.

ಮಳೆಗಾಲ ಕಳೆದ ಮೇಲೆ ಹೊರಗೆ ತೆಗೆದರೆ ಏರಿನಲ್ಲಿ ಎಳೆತವಿಲ್ಲ, ಸಿಗ್ನಲಿನಲ್ಲಿ ನಿಂತರೆ ಎಂಜಿನ್ ಬಂದ್. ಸರ್ವಿಸ್ ಸೆಂಟರಿನವರು ಪ್ಲಗ್ ಬದಲಿಸಿದರು, ಇಂಜೆಕ್ಟರ್ ತೊಳೆದರು, ದಪ್ಪನೆಯ ಬಿಲ್ಲನ್ನೂ ಕೊಟ್ಟರು. ವಾರದೊಳಗೆ ಮತ್ತದೇ ರಗಳೆ. ಟ್ಯಾಂಕಿನೊಳಗೆ ಇಣುಕುವ ಯೋಚನೆ ಅಲ್ಲಿ ಒಬ್ಬರಿಗೂ ಬರಲಿಲ್ಲ.

ಕೊನೆಗೆ ಪರಿಚಯದ ಮೆಕ್ಯಾನಿಕ್ ಒಬ್ಬರು ಟ್ಯಾಂಕಿನ ತಳದಿಂದ ಪೆಟ್ರೋಲನ್ನು ಗಾಜಿನ ಬಾಟಲಿಗೆ ಇಳಿಸಿ ಬಿಸಿಲಿಗೆ ಹಿಡಿದರು. ಮೇಲೆ ಪೆಟ್ರೋಲ್, ಕೆಳಗೆ ಮಸುಕು ಮಸುಕಾದ ಬೇರೆಯೇ ಪದರ, ಅದರಡಿ ತುಕ್ಕಿನ ಕೆಂಪು ಹುಡಿ. ಪಂಪಿನ ರಬ್ಬರ್ ಪೈಪು ಉಬ್ಬಿ, ಉಗುರು ತಾಗಿಸಿದರೆ ಕಪ್ಪು ಕೈಗೆ ಹತ್ತುತ್ತಿತ್ತು.

ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತದೆ. ಅದು ನೀರನ್ನು ಎಳೆದುಕೊಳ್ಳುವ ವಸ್ತು. ನೀರು ಅಲ್ಪಸ್ವಲ್ಪವಾದರೆ ಕರಗಿಸಿಕೊಂಡಿರುತ್ತದೆ; ಮಿತಿ ಮೀರಿದರೆ ಪೆಟ್ರೋಲಿನ ಸಂಗ ಬಿಟ್ಟು ನೀರಿನೊಂದಿಗೆ ತಳ ಸೇರುತ್ತದೆ. ಪಂಪು ಹೀರುವುದು ಅಲ್ಲಿಂದಲೇ. ಉಕ್ಕಿನ ಟ್ಯಾಂಕಾದರೆ ತುಕ್ಕು ಹಿಡಿಯುವುದೂ ಅಲ್ಲಿಂದಲೇ. ಸಾಲದ್ದಕ್ಕೆ, ಹಳೆಯ ಟ್ಯಾಂಕಿನ ಗೋಡೆಗೆ ವರ್ಷಗಳಿಂದ ಅಂಟಿದ್ದ ಕೊಳೆಯನ್ನೂ ಎಥೆನಾಲ್ ಕಿತ್ತು ತಂದು ಫಿಲ್ಟರಿಗೆ ತುಂಬುತ್ತದೆ.

ಮೈಲೇಜಿನ ಬಗ್ಗೆ ನನ್ನ ತಕರಾರಿಲ್ಲ. ಹಳೆಯ ಕಾರುಗಳಲ್ಲಿ ಶೇ 6ರಿಂದ 7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ಕೆಲವು ಹಳೆಯ ವಾಹನಗಳಲ್ಲಿ 20ರಿಂದ 30 ಸಾವಿರ ಕಿಲೋಮೀಟರ್ ಓಡಿದ ಮೇಲೆ ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು, ಖರ್ಚು ಹೆಚ್ಚಿಲ್ಲ ಎಂದು 2025ರಲ್ಲಿ ಕೇಂದ್ರ ಸರ್ಕಾರವೂ ಹೇಳಿದೆ. ಆದರೆ ಕಿಲೋಮೀಟರ್ ಲೆಕ್ಕ ಓಡುವ ಗಾಡಿಗೆ ಸರಿ. ಕರಾವಳಿಯ ತೇವದಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಗೆ ಕ್ಯಾಲೆಂಡರೇ ಲೆಕ್ಕ.

ಹಾಗಾಗಿ ಕಾರನ್ನು ಅರ್ಧ ಟ್ಯಾಂಕಿನಲ್ಲಿ ನಿಲ್ಲಿಸಿಟ್ಟು ಊರು ಬಿಡಬೇಡಿ. ಖಾಲಿ ಜಾಗದ ಗಾಳಿಯಲ್ಲಿ ತೇವವೂ ಇರುತ್ತದೆ. ಆಗಾಗ ಓಡಿಸಿ ಹಳೆಯ ಪೆಟ್ರೋಲ್ ಮುಗಿಸಿ, ಹೊಸದು ಹಾಕಿಸಿ. ಎಂಜಿನ್ ತಡವರಿಸಿದರೆ ಪ್ಲಗ್ಗಿಗೆ ಕೈ ಹಾಕುವ ಮೊದಲು ಟ್ಯಾಂಕಿನ ತಳದ ಪೆಟ್ರೋಲನ್ನು ಬಾಟಲಿಯಲ್ಲಿ ತೋರಿಸುವಂತೆ ಪಟ್ಟು ಹಿಡಿಯಿರಿ. ಕಾರಿನೊಳಗೆ ಪೆಟ್ರೋಲ್ ವಾಸನೆ ಬಂದರಂತೂ ಗ್ಯಾರೇಜಿನವರೆಗೂ ಓಡಿಸಬೇಡಿ. ಪೈಪು ಸೋರುತ್ತಿದ್ದರೆ ಬೆಂಕಿ ಹತ್ತಲು ಬಿಸಿ ಎಂಜಿನ್ನೇ ಸಾಕು. ಮೆಕ್ಯಾನಿಕ್ಕನ್ನು ಮನೆಗೇ ಕರೆಸಿ.